ಎಲೆ ತುದಿಗೆ ಉಪ್ಪು

ನಮ್ಮ ಹಾಸನದ ಕಡೆ ನನ್ನಂಥವರಿಗೆ ಮೊದಲಿಂದಲೂ ಒಂದು ಹೆಸರಿದೆ: ಮುಖೇಡಿ. ನೆಂಟರು ಬಂದರೆ ಹಿತ್ತಲ ಬಾಗಿಲಿಂದ ಕಾಫಿ ಗಿಡಗಳ ನಡುವೆ ಮಾಯವಾಗುತ್ತಿದ್ದವನು ನಾನು. "ನಮ್ಮ ಹುಡುಗ ಸ್ವಲ್ಪ ಮುಖೇಡಿ ಕಣ್ರೀ" ಎಂದು ಅಮ್ಮ ಹೇಳಿದರೆ ಮಾತು ಅಲ್ಲಿಗೆ ಮುಗಿಯಿತು. ಅಂಗಡಿಯಲ್ಲಿ ಚಿಲ್ಲರೆ ಕಮ್ಮಿ ಕೊಟ್ಟರೂ ಕೇಳದೆ ವಾಪಸ್ ಬರುತ್ತಿದ್ದೆ. ಹಾಗಾಗಿ, ಹಣೆಪಟ್ಟಿ ಹಚ್ಚುವುದು ವಿದೇಶದವರ ಚಾಳಿ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಪಟ್ಟಿ ನಮ್ಮಲ್ಲೂ ಇತ್ತು. ಮುಂದೇನು ಮಾಡಬೇಕು ಅನ್ನುವುದು ಅದರಲ್ಲಿ ಬರೆದಿರಲಿಲ್ಲ, ಅಷ್ಟೆ.

ಎರಡನೇ ಪಟ್ಟಿ ಸಿಕ್ಕಿದ್ದು ಬರ್ಮಿಂಗ್‌ಹ್ಯಾಮಿನಲ್ಲಿ. ಮೀಟಿಂಗ್ ಇದೆ ಅಂದರೆ ಹಿಂದಿನ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಡಾಕ್ಟರ ಚೀಟಿ ಇಲ್ಲದೆಯೂ ಸರ್ಕಾರಿ ಮಾತಿನ ಚಿಕಿತ್ಸೆಗೆ ನಾವೇ ಹೆಸರು ಕೊಡಬಹುದು, ಕಾಸಿಲ್ಲ. ಅಂಜಿಕೆ ಎಷ್ಟಿದೆ ಎಂದು ಅಳೆಯುವ 17 ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಒಂದೊಂದಕ್ಕೆ ಸೊನ್ನೆಯಿಂದ ನಾಲ್ಕು ಅಂಕ, ಒಟ್ಟು 68. ನನಗೆ 46. ಮಾರ್ಕ್ಸ್ ಜಾಸ್ತಿ ಬಂದು ಮುಖ ಸಣ್ಣದಾಗಿದ್ದು ಅದೇ ಮೊದಲು. ಆದರೆ ಸೋಶಿಯಲ್ ಆಂಕ್ಸೈಟಿ, ಅಂದರೆ ನಾಲ್ಕು ಜನರ ಎದುರಿನ ಅತಿಯಾದ ಅಂಜಿಕೆ, ಎಂಬ ಹೆಸರು ಕೇಳಿದ ದಿನ ಬಸ್ಸಿನಲ್ಲಿ ಮನೆಗೆ ಬರುವಾಗ ಎದೆ ಹಗುರವಾಗಿತ್ತು ಅನ್ನುವುದೂ ನಿಜ. ಮುಖೇಡಿ ಅಂದರೆ ನಾನೇ. ಇದು ನನಗೆ ಬಂದದ್ದು, ನಾನಲ್ಲ.

ತಿಂಗಳೊಳಗೆ ಆ ಹೆಸರನ್ನೇ ಆಫೀಸಿನಲ್ಲಿ ಮುಂದೆ ಹಿಡಿದೆ. ನನಗೆ ಹೀಗಿದೆ, ಪ್ರೆಸೆಂಟೇಶನ್ ಬೇರೆಯವರಿಗೆ ಕೊಡಿ ಅಂದೆ. ತಕ್ಷಣ ಒಪ್ಪಿದರು, ಇಲ್ಲಿನವರ ಸೌಜನ್ಯ ಅಂಥದ್ದು. ಆರು ತಿಂಗಳು ಯಾವ ಮೀಟಿಂಗಿನಲ್ಲೂ ಬಾಯಿ ಬಿಡಲಿಲ್ಲ. ಅಮ್ಮ ಮಾಡುತ್ತಿದ್ದ ಕೆಲಸವನ್ನು ಈಗ ಮ್ಯಾನೇಜರ್ ಮಾಡುತ್ತಿದ್ದರು.

ಇದರಿಂದ ಹೊರಗೆಳೆದದ್ದು ಚಿಕಿತ್ಸೆಯೇ. ಅಪರಿಚಿತರೊಬ್ಬರ ಎದುರು ಟೀ ಕುಡಿಯುತ್ತಾ ಮಾತಾಡಬೇಕು, ಅದರ ವಿಡಿಯೊ ಆಗುತ್ತದೆ. ಕೈ ಎಷ್ಟು ನಡುಗುತ್ತದೆ, ನೂರಕ್ಕೆ ಎಷ್ಟು ಎಂದು ಮೊದಲೇ ಕೇಳಿದರು. ತೊಂಬತ್ತು ಅಂದೆ. ಆಮೇಲೆ ವಿಡಿಯೊ ನೋಡಿದರೆ ಯಾರೋ ಒಬ್ಬ ಸುಮ್ಮನೆ ಟೀ ಕುಡಿಯುತ್ತಿದ್ದಾನೆ! ಕಪ್ಪನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿಯುವುದು, ಹೇಳಬೇಕಾದ ವಾಕ್ಯವನ್ನು ಒಳಗೊಳಗೇ ನಾಲ್ಕು ಸಲ ಉರು ಹೊಡೆಯುವುದು, ಇವೆಲ್ಲ ನನ್ನನ್ನು ಕಾಪಾಡುತ್ತಿವೆ ಅಂದುಕೊಂಡಿದ್ದೆ. ಭಯಕ್ಕೆ ಮೇವು ಹಾಕುತ್ತಿದ್ದವು ಅವೇ. ಕ್ಲಾರ್ಕ್ ಮತ್ತು ವೆಲ್ಸ್ ಎಂಬ ಮನಶ್ಶಾಸ್ತ್ರಜ್ಞರು 1995ರಲ್ಲಿ ಬಿಡಿಸಿ ಹೇಳಿದ್ದು ಇದನ್ನೇ.

ಆಗ ನೆನಪಾದವರು ದೊಡ್ಡಪ್ಪ. ಬೇಲೂರಿನ ಹತ್ತಿರದ ಒಂದು ಮದುವೆಯಲ್ಲಿ ನನ್ನ ಕೈಗೆ ಉಪ್ಪಿನ ಬಟ್ಟಲು ಕೊಟ್ಟು, "ಎಲೆ ತುದಿಗೆ ಹಾಕ್ಕೊಂಡು ಹೋಗು" ಅಂದರು. ಉಪ್ಪು ಹಾಕುವವನ ಮುಖವನ್ನು ಯಾರೂ ನೋಡುವುದಿಲ್ಲ. ಎರಡನೇ ಪಂಕ್ತಿಗೆ ಉಪ್ಪಿನಕಾಯಿ. ಅಲ್ಲಿ "ಇನ್ನೊಂಚೂರು ಹಾಕಪ್ಪ" ಅನ್ನುವವರು ಸಿಗುತ್ತಾರೆ. ಕೊನೇ ಪಂಕ್ತಿಗೆ ಸಾರಿನ ಬಕೆಟ್ಟು. ಒಬ್ಬರ ಬಿಳಿ ಪಂಚೆ ಮೇಲೆ ಚೆಲ್ಲಿಯೇಬಿಟ್ಟೆ. ಅವರು ತಲೆ ಎತ್ತಿ, "ಇರ್ಲಿ ಬಿಡು, ಸಾರು ಚೆನ್ನಾಗೈತೆ" ಅಂದರು. ದೊಡ್ಡಪ್ಪನಿಗೆ ಯಾವ ಕಾಯಿಲೆಯ ಹೆಸರೂ ಗೊತ್ತಿರಲಿಲ್ಲ. ಹಾಗಂತ ಊರಿನ ರೀತಿಯೇ ಮೇಲು ಅನ್ನಲಾರೆ. ಮನೆಗೊಬ್ಬ ದೊಡ್ಡಪ್ಪ ಇರುವುದಿಲ್ಲ. ಎಲ್ಲರೆದುರು ಹಾಡು ಹೇಳು ಅಂತ ನಿಲ್ಲಿಸಿ, ತಡವರಿಸಿದರೆ ಕಿಸಕ್ಕನೆ ನಗುವವರೇ ಜಾಸ್ತಿ.

ಈಗ ಅಕ್ಕನ ಮಗಳ ಸರದಿ. ಹಾಸನದಲ್ಲೇ ಇಂಜಿನಿಯರಿಂಗ್ ಓದುತ್ತಿದ್ದಾಳೆ. ರೀಲ್ಸ್ ನೋಡಿ ತನ್ನ ಕಾಯಿಲೆ ತಾನೇ ಕಂಡುಹಿಡಿದುಕೊಂಡು, "ಮಾವ, ನಂಗೆ ಸೋಶಿಯಲ್ ಆಂಕ್ಸೈಟಿ, ಸೆಮಿನಾರ್ ಕೊಡಲ್ಲ" ಅಂದಳು. "ಆಂಕ್ಸೈಟಿನೂ ಇಲ್ಲ, ಗೀಂಕ್ಸೈಟಿನೂ ಇಲ್ಲ, ಎಲ್ಲ ಮೊಬೈಲಿಂದ" ಅಂತ ಅಕ್ಕ ಹಿಂದಿನಿಂದ ಕೂಗಿದಳು. ಇಬ್ಬರೂ ಅರ್ಧರ್ಧ ಸರಿ ಅನ್ನಿಸಿತು. ಇಬ್ಬರಿಗೂ ಹೇಳುವ ಧೈರ್ಯ ಬರಲಿಲ್ಲ.

ಹೋದ ದೀಪಾವಳಿಗೆ ಊರಿಗೆ ಬಂದಾಗ ಮೂವರೂ ಹಾಸನಾಂಬೆಯ ದರ್ಶನಕ್ಕೆ ಹೋದೆವು. ವರ್ಷಕ್ಕೊಮ್ಮೆ ಕೆಲವೇ ದಿನ ತೆರೆಯುವ ಗುಡಿ, ಸಾಲು ಕೇಳಬೇಕೆ? ಮುಂದೆ ನಿಂತಿದ್ದ ಅರಸೀಕೆರೆ ಕಡೆಯ ಅಜ್ಜಿಯ ಜೊತೆ ಈ ಹುಡುಗಿ ಗಂಟೆಗಟ್ಟಲೆ ಹರಟಿದಳು. ಮನೆಗೆ ಬಂದರೆ ಚಿಕ್ಕಮ್ಮಂದಿರ ಎದುರು ಮತ್ತೆ ಬಾಯಿಗೆ ಬೀಗ. ಅಮೆರಿಕದಲ್ಲಿ 1999ರಲ್ಲಿ ಈ ತೊಂದರೆಗೆ ಮಾತ್ರೆಯೊಂದು ಒಪ್ಪಿಗೆ ಪಡೆದಾಗ, ಮನುಷ್ಯರೇ ಅಲರ್ಜಿಯಾದರೆ ಹೇಗೆ ಎಂಬ ಧಾಟಿಯಲ್ಲಿ ಜಾಹೀರಾತು ಮಾಡಿದ್ದರು. ನಮ್ಮ ಹುಡುಗಿಗೆ ಮನುಷ್ಯರ ಅಲರ್ಜಿ ಇಲ್ಲವೇ ಇಲ್ಲ. ಅಜ್ಜಿ ಅವಳನ್ನು ಅಳೆಯುವುದಿಲ್ಲ, ಚಿಕ್ಕಮ್ಮಂದಿರು ಅಳೆಯುತ್ತಾರೆ. ಆ ಹೆಸರಿನೊಳಗೆ ಇರುವುದು ಈ ಅಳತೆಯ ಭಯ. ಅಷ್ಟು ಬಿಡಿಸಿ ಹೇಳಿದ್ದಕ್ಕೆ ಅವಳು ರೀಲ್ಸಿನ ಮಾತು ಬಿಟ್ಟು, "ಹಾಗಾದ್ರೆ ಏನ್ ಮಾಡೋದು ಮಾವ?" ಅಂದಳು. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ ಅಂದೆ. ಫೋನಿನಲ್ಲಿ ಮಾತಾಡುವುದೇ ಕಷ್ಟ ಅಂತ ಮುಖ ಕಿವುಚಿದಳು. ದೊಡ್ಡಪ್ಪ ಮದುವೆಯಲ್ಲಿ ನನ್ನಿಂದ ಉಪ್ಪು ಬಡಿಸಿದ ಕತೆಯನ್ನೂ ಹೇಳಿದೆ.

"ಇಂಗ್ಲೆಂಡಿಗೆ ಹೋಗಿ ಕಲಿತದ್ದು ಉಪ್ಪು ಬಡಿಸೋದಾ?" ಅಂತ ಅಕ್ಕ ರೇಗಿಸಿದಳು.

ಮೊನ್ನೆ ಅಕ್ಕನ ಮಗಳಿಂದ ವಾಯ್ಸ್ ಮೆಸೇಜ್ ಬಂದಿತ್ತು. ಟೈಪ್ ಮಾಡದೆ ಮಾತಾಡಿ ಕಳಿಸಿದ್ದು ಇದೇ ಮೊದಲು. ಮುಂದಿನ ತಿಂಗಳು ಅವರ ಮನೆ ಗೃಹಪ್ರವೇಶ. "ಮಾವ, ಉಪ್ಪು ನಾನು ಬಡಿಸ್ತೀನಿ. ಬಿಳಿ ಪಂಚೆಯವರು ಕೂತಿರೋ ಕಡೆ ಸಾರಿನ ಬಕೆಟ್ ಹಿಡ್ಕೊಂಡು ನೀವೇ ಬನ್ನಿ."