ಈ ಹಾಡು ಯಾವ ಗೋತ್ರ?

ಗಿಟಾರ್ ಅಬ್ಬರಿಸುವ ಹಾಡೊಂದನ್ನು ನಾಲ್ಕು ಜನರ ನಡುವೆ ಹಾಕಿ, "ಒಳ್ಳೆಯ ರಾಕ್ ಹಾಡು" ಎಂದು ಒಂದು ಮಾತು ಆಡಿ ನೋಡಿ. ಹಾಡು ಹೇಗಿದೆ ಎಂದು ಯಾರೂ ಹೇಳುವುದಿಲ್ಲ. ಮೂಲೆಯಲ್ಲಿ ಕಪ್ಪು ಟೀ ಶರ್ಟ್ ತೊಟ್ಟು ಕುಳಿತವರೊಬ್ಬರು ನಿಧಾನವಾಗಿ ತಲೆಯೆತ್ತಿ, "ಇದು ರಾಕ್ ಅಲ್ಲ, ಮೆಟಲ್" ಎಂದು ತೀರ್ಪು ಕೊಡುತ್ತಾರೆ. ಪಕ್ಕದಲ್ಲಿ ಇನ್ನೂ ಕಪ್ಪಾದ ಟೀ ಶರ್ಟ್ ತೊಟ್ಟವರು "ಇದೂ ಒಂದು ಮೆಟಲ್ಲೇ?" ಎಂದು ನಗುತ್ತಾರೆ. ಮೂರನೆಯವರ ಎದೆಯ ಮೇಲೆ ಯಾವ ಕಣ್ಣಿನ ವೈದ್ಯರೂ ಓದಲಾರದ ಲಿಪಿಯಲ್ಲಿ ತಂಡವೊಂದರ ಹೆಸರಿರುತ್ತದೆ. ಅವರು ಮಾತೇ ಆಡುವುದಿಲ್ಲ. ಅವರ ಮಟ್ಟಿಗೆ 1987ರ ನಂತರ ಯಾರೂ ಮೆಟಲ್ ನುಡಿಸಿಲ್ಲ. ಅಷ್ಟರಲ್ಲಿ ಹಾಡು ಮುಗಿದಿರುತ್ತದೆ. ಕೇಳಿದವರು ಯಾರೂ ಇಲ್ಲ.

ಹಾಡಿನ ಗೋತ್ರ ವಿಚಾರಿಸುವ ಈ ಮಹನೀಯರೊಡನೆ ನನ್ನ ತಕರಾರು ಇರುವುದು, ವ್ಯತ್ಯಾಸವೇ ಇಲ್ಲವೆಂದಲ್ಲ. ವ್ಯತ್ಯಾಸ ಧಾರಾಳವಾಗಿ ಇದೆ. ರಾಕ್ ಸಂಗೀತದ ಬೆನ್ನೆಲುಬು ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಹಾಡಿನ ಪರಂಪರೆ. ಅದರ ಲಯದಲ್ಲಿ ಒಂದು ತೂಗಾಟವಿದೆ. ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿನ ಮೇಲೆ ಒತ್ತು ಬೀಳುತ್ತಲೇ ಸೊಂಟ ತಾನಾಗಿ ಅಲುಗುತ್ತದೆ. ಮೆಟಲ್ ಆ ತೂಗಾಟವನ್ನು ಬಹುಮಟ್ಟಿಗೆ ಒರೆಸಿಹಾಕುತ್ತದೆ. ಗಿಟಾರ್ ವಾದಕ ಬಲ ಅಂಗೈಯ ಅಂಚನ್ನು ತಂತಿಗಳ ಬುಡಕ್ಕೆ ಒತ್ತಿ, ನಾದ ಬಾಯಿ ತೆರೆಯುವ ಮೊದಲೇ ಅದರ ಕತ್ತು ಹಿಸುಕಿ, ಒಂದೇ ಸಮನೆ ಕುಟ್ಟುತ್ತಾನೆ. ಹಿಂದೆ ಕುಳಿತ ಡ್ರಮ್ ವಾದಕ ಎರಡೂ ಕಾಲುಗಳಿಂದ ಅದೇ ಪೆಟ್ಟುಗಳನ್ನು ಒದೆಯುತ್ತಾನೆ. ಇಲ್ಲಿ ಅಲುಗುವುದು ಸೊಂಟವಲ್ಲ, ಕುತ್ತಿಗೆ. ಮೂಳೆ ವೈದ್ಯರನ್ನು ಕೇಳಿದರೆ ಇದಕ್ಕಿಂತ ಸ್ಪಷ್ಟವಾದ ಗಡಿ ಬೇಕಿಲ್ಲ ಎನ್ನುತ್ತಾರೆ.

ಆದರೆ ಗೋತ್ರ ಪರೀಕ್ಷಕರಿಗೆ ಇಷ್ಟು ಸುಲಭದ ಉತ್ತರ ಹಿಡಿಸುವುದಿಲ್ಲ. ಅವರಿಗೆ ಲಕ್ಷಣಗಳ ಪಟ್ಟಿ ಬೇಕು. ಪಟ್ಟಿ ಮಾಡಿದ ಕೂಡಲೇ ಎಡವಟ್ಟು ಶುರು. ಪವರ್ ಕಾರ್ಡ್ ಇದ್ದರೆ ಮೆಟಲ್ ಎನ್ನುತ್ತಾರೆ. ಪವರ್ ಕಾರ್ಡ್ ಎಂದರೆ ಗಾಂಧಾರವನ್ನು ಹೊರಗಿಟ್ಟು ಷಡ್ಜ ಪಂಚಮಗಳನ್ನು ಮಾತ್ರ ಒಟ್ಟಿಗೆ ಮೀಟುವುದು. ನಾದವನ್ನು ಅಷ್ಟೊಂದು ಒಡೆದು ಗರಗರ ಎನಿಸಿದಾಗ ಗಾಂಧಾರ ಸೇರಿದರೆ ಎಲ್ಲವೂ ಕಲಸಿಹೋಗುತ್ತದೆ, ಅದಕ್ಕೆ. ಆದರೆ 1964ರಲ್ಲೇ ಕಿಂಕ್ಸ್ ತಂಡದ ಡೇವ್ ಡೇವಿಸ್ ತನ್ನ ಆಂಪ್ಲಿಫೈಯರಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿ, ಆ ಹರುಕು ಸದ್ದಿನಲ್ಲಿ ಪವರ್ ಕಾರ್ಡ್ ನುಡಿಸಿಬಿಟ್ಟಿದ್ದ. ಕಿಂಕ್ಸ್ ಮೆಟಲ್ ಎಂದು ಹೇಳುವ ಧೈರ್ಯ ಯಾವ ಕಪ್ಪು ಟೀ ಶರ್ಟಿಗೂ ಇಲ್ಲ. ಸರಿ, ಸೈತಾನನ ಸ್ವರಾಂತರ, ಅಂದರೆ ಷಡ್ಜದಿಂದ ಪ್ರತಿಮಧ್ಯಮಕ್ಕಿರುವ ಅಂತರ ಇರಬೇಕು ಎನ್ನುತ್ತಾರೆ. 1970ರ ಫೆಬ್ರವರಿ 13ರ ಶುಕ್ರವಾರ ಹೊರಬಂದ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಮ್ ತೆರೆದುಕೊಳ್ಳುವುದೇ ಹಾಗೆ: ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಧೊಪ್ಪನೆ ಪ್ರತಿಮಧ್ಯಮಕ್ಕೆ. ಕೇಳಿದವರ ಬೆನ್ನು ತಣ್ಣಗಾದದ್ದು ನಿಜ. ಕರ್ನಾಟಕ ಸಂಗೀತವಾದರೋ 72 ಮೇಳಕರ್ತ ರಾಗಗಳಲ್ಲಿ ಸರಿಯಾಗಿ 36ನ್ನು ಈ ಪ್ರತಿಮಧ್ಯಮದ ಹೆಸರಿಗೇ ಬರೆದುಕೊಟ್ಟಿದೆ. ಕಲ್ಯಾಣಿ ಕೇಳಿ ಸೈತಾನ ಬಂದನೆಂದು ಸಭೆ ಎದ್ದು ಓಡಿದ ದಾಖಲೆಯಿಲ್ಲ.

ಕೊನೆಗೆ ಉಳಿಯುವ ಬ್ರಹ್ಮಾಸ್ತ್ರ ಶ್ರುತಿ. ಗಿಟಾರಿನ ಶ್ರುತಿ ಇಳಿಸಿರಬೇಕು, ಇಲ್ಲದಿದ್ದರೆ ಅದು ಬರೀ ರಾಕ್. ಈ ಶಾಸ್ತ್ರವನ್ನು ಬರೆದವರು ಯಾರು? ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯ ಒಂದು ಯಂತ್ರ. ಮುಂದೆ ಬ್ಲ್ಯಾಕ್ ಸಬ್ಬತ್‌ನ ಗಿಟಾರ್ ವಾದಕನಾದ ಹದಿನೇಳರ ಹುಡುಗ ಟೋನಿ ಅಯೋಮಿ, ಕೆಲಸ ಬಿಡಲಿದ್ದ ಕೊನೆಯ ದಿನವೇ ಅದಕ್ಕೆ ಬಲಗೈಯ ಎರಡು ಬೆರಳುಗಳ ತುದಿಯನ್ನು ಕೊಟ್ಟ. ಆತ ಎಡಗೈಯಿಂದ ಮೀಟುವವನು, ಅಂದರೆ ತಂತಿ ಒತ್ತಬೇಕಾದದ್ದು ಆ ಬೆರಳುಗಳೇ. ಪಾತ್ರೆ ತೊಳೆಯುವ ದ್ರಾವಣದ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ತುದಿಗೆ ಟೊಪ್ಪಿಗೆ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ, ತೆಳು ತಂತಿ ಕಟ್ಟಿದ. 1971ರ ಮೂರನೆಯ ಆಲ್ಬಮಿನ ಹೊತ್ತಿಗೆ ಬೆರಳಿಗೆ ನೋವಾಗದಿರಲೆಂದು ಶ್ರುತಿಯನ್ನೂ ಇಳಿಸಿ ತಂತಿ ಸಡಿಲಿಸಿದ. ಆ ಸಡಿಲ ತಂತಿಯ ಗುಡುಗನ್ನು ಇಂದು ಹತ್ತೂ ಬೆರಳು ನೆಟ್ಟಗಿರುವ ಸಾವಿರಾರು ಯುವಕರು ಧರ್ಮದಂತೆ ಪಾಲಿಸುತ್ತಾರೆ. ಅಂದಹಾಗೆ, ಅಯೋಮಿಯ ತಂಡ ಬ್ಲ್ಯಾಕ್ ಸಬ್ಬತ್ ಆಗುವ ಮೊದಲು ಅರ್ಥ್ ಎಂಬ ಹೆಸರಿನಲ್ಲಿ ನುಡಿಸುತ್ತಿದ್ದುದು ಅಪ್ಪಟ ಬ್ಲೂಸ್. ಮೂಲಪುರುಷನೇ ಗೋತ್ರಾಂತರ ಮಾಡಿದವನು.

ಇಷ್ಟಾದರೂ ಅಭಿಮಾನಿಗಳನ್ನು ಕ್ಷಮಿಸಬಹುದು. ಅವರು ಜಗಳವಾಡುವುದು ಪ್ರೀತಿಗೆ, ಸಂಬಳಕ್ಕಲ್ಲ. ಸಂಬಳ, ಸಮಿತಿ, ಮತಪತ್ರ ಎಲ್ಲವನ್ನೂ ಇಟ್ಟುಕೊಂಡು ಅಮೆರಿಕದಲ್ಲಿ ಸಂಗೀತ ಪ್ರಶಸ್ತಿ ಹಂಚುವ ಗ್ರ್ಯಾಮಿ ಸಂಸ್ಥೆ ಮಾಡಿದ್ದನ್ನು ನೋಡಬೇಕು. ರಾಕ್‌ನ ಗಡಸು ಶಾಖೆಯಾದ ಹಾರ್ಡ್ ರಾಕ್ ಮತ್ತು ಮೆಟಲ್ ಎರಡಕ್ಕೂ ಸೇರಿಸಿ ಒಂದು ಪ್ರಶಸ್ತಿ ಇಡಬೇಕೆಂದು ಅದಕ್ಕೆ ಜ್ಞಾನೋದಯವಾದದ್ದು 1989ರಲ್ಲಿ, ಮೊದಲ ಮೆಟಲ್ ಆಲ್ಬಮ್ ಎನ್ನುವ ಬ್ಲ್ಯಾಕ್ ಸಬ್ಬತ್‌ನ ಆಲ್ಬಮ್ ಬಂದು ಹತ್ತೊಂಬತ್ತು ವರ್ಷಗಳಾದ ಮೇಲೆ. ಕಣದಲ್ಲಿ ಹೆಸರಾಂತ ಮೆಟಲ್ ತಂಡ ಮೆಟಾಲಿಕಾ ಇತ್ತು. ಅಂದಿನ ಸಮಾರಂಭದ ವೇದಿಕೆಯಲ್ಲೇ ನುಡಿಸಿ ಸಭಾಂಗಣವನ್ನು ನಡುಗಿಸಿಯೂ ಆಗಿತ್ತು. ಗಾಯಕರಾದ ಆಲಿಸ್ ಕೂಪರ್ ಮತ್ತು ಲೀಟಾ ಫೋರ್ಡ್ ಲಕೋಟೆ ತೆರೆದರು. ಒಳಗೆ ಇದ್ದ ಹೆಸರು ಜೆತ್ರೋ ಟಲ್.

ಜೆತ್ರೋ ಟಲ್ ಒಳ್ಳೆಯ ತಂಡ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ನಾಯಕ ಇಯಾನ್ ಆಂಡರ್ಸನ್ ಒಂಟಿ ಕಾಲಿನಲ್ಲಿ ನಿಂತು ಕೊಳಲು ಊದುವ ಮನುಷ್ಯ. ಗೆಲ್ಲುವ ಸಂಭವವೇ ಇಲ್ಲವೆಂದು ತಂಡದವರು ಸಮಾರಂಭಕ್ಕೂ ಬಂದಿರಲಿಲ್ಲ. ಸಭೆ ಛೀಮಾರಿ ಹಾಕಿತು. ಅವರ ರೆಕಾರ್ಡ್ ಕಂಪನಿಯಾದರೂ ಸುಮ್ಮನಿದ್ದೀತೇ? ಕಬ್ಬಿಣದ ಸಲಾಕೆಗಳ ಮೇಲೆ ಕೊಳಲೊಂದನ್ನು ಮಲಗಿಸಿ, ಕೊಳಲೂ ಭಾರವಾದ ಲೋಹದ (ಹೆವಿ ಮೆಟಲ್) ವಾದ್ಯವೇ ತಾನೆ ಎಂಬ ಅರ್ಥದ ಜಾಹೀರಾತನ್ನು ಬಿಲ್‌ಬೋರ್ಡ್ ಪತ್ರಿಕೆಯಲ್ಲಿ ಹಾಕಿಸಿತು. ಇಡೀ ಪ್ರಕರಣದಲ್ಲಿ ತಲೆ ನೆಟ್ಟಗಿದ್ದವರು ಆ ಜಾಹೀರಾತು ಬರೆದವರು ಮಾತ್ರ. ಸೋತ ಮೆಟಾಲಿಕಾ ತನ್ನ ಆಲ್ಬಮಿನ ಮೇಲೆ "ಗ್ರ್ಯಾಮಿ ಸೋತವರು" ಎಂಬ ಚೀಟಿ ಅಂಟಿಸಿ ಮಾರಿತು. ಪಾಪ, ಗ್ರ್ಯಾಮಿ ಸಂಸ್ಥೆಗೆ ತನ್ನನ್ನು ಸಮರ್ಥಿಸಿಕೊಳ್ಳಲು ಒಂದು ವಾದವಿತ್ತು, ಅದು ಹೊಳೆಯಲೇ ಇಲ್ಲ: 1968ರ ಕೊನೆಯಲ್ಲಿ ಕೆಲವು ವಾರ ಜೆತ್ರೋ ಟಲ್‌ಗೆ ಗಿಟಾರ್ ನುಡಿಸಿದವನು ಬೇರಾರೂ ಅಲ್ಲ, ಟೋನಿ ಅಯೋಮಿ.

ಮುಂದಿನ ವರ್ಷವೇ ಸಂಸ್ಥೆ ಗಾಬರಿಯಿಂದ ಆಸ್ತಿ ವಿಭಾಗ ಮಾಡಿತು. ಹಾರ್ಡ್ ರಾಕ್‌ಗೆ ಒಂದು ಪ್ರಶಸ್ತಿ, ಮೆಟಲ್‌ಗೆ ಒಂದು. ಇನ್ನು ಗೊಂದಲವಿಲ್ಲ ಎಂದುಕೊಳ್ಳಬೇಡಿ. 1991ರಲ್ಲಿ ಮೆಟಲ್ ಪ್ರಶಸ್ತಿ ಮೆಟಾಲಿಕಾಗೆ ಹೋಯಿತು. ಹಾಡಿದ್ದು ಕ್ವೀನ್ ತಂಡದ 1974ರ ಹಾಡನ್ನು. ಅಂದರೆ ಅದೇ ಹಾಡು ಹುಟ್ಟುವಾಗ ರಾಕ್, ಹದಿನೇಳನೆಯ ವಯಸ್ಸಿಗೆ ಮೆಟಲ್. ಬ್ಲ್ಯಾಕ್ ಸಬ್ಬತ್‌ಗೆ ಮೊದಲ ಗ್ರ್ಯಾಮಿ ಸಿಕ್ಕಿದ್ದು 2000ದಲ್ಲಿ, 1970ರ ಹಾಡೊಂದನ್ನು ಮತ್ತೆ ವೇದಿಕೆಯ ಮೇಲೆ ನುಡಿಸಿದ್ದಕ್ಕೆ. ಮೆಟಲ್ ಯಾವುದೆಂದು ಖಾತ್ರಿ ಮಾಡಿಕೊಳ್ಳಲು ಮೂವತ್ತು ವರ್ಷ ಬೇಕಾದೀತು, ಅವಸರ ಮಾಡುವಂತಿಲ್ಲ. ಮೋಟರ್‌ಹೆಡ್ ತಂಡದ ಗಾಯಕ ಲೆಮ್ಮಿಯ ಕಥೆ ಇನ್ನೂ ಚೆಂದ. ಆತ ಕಛೇರಿ ಶುರುವಾಗುತ್ತಲೇ, ನಾವು ಮೋಟರ್‌ಹೆಡ್, ನಾವು ನುಡಿಸುವುದು ರಾಕ್ ಆಂಡ್ ರೋಲ್ ಎಂದು ಮೈಕಿನಲ್ಲಿ ಘೋಷಿಸುತ್ತಿದ್ದ. ಇದಕ್ಕಿಂತ ಸ್ಪಷ್ಟವಾದ ತಪ್ಪೊಪ್ಪಿಗೆ ಯಾವ ನ್ಯಾಯಾಲಯಕ್ಕೂ ಸಿಗುವುದಿಲ್ಲ. ಗ್ರ್ಯಾಮಿ ಸಂಸ್ಥೆ 2005ರಲ್ಲಿ ಆತನಿಗೆ ಮೆಟಲ್ ಪ್ರಶಸ್ತಿ ಕೊಟ್ಟಿತು. ಅದೂ ಆತನ ಸ್ವಂತ ಹಾಡಿಗಲ್ಲ, ಮೆಟಾಲಿಕಾದ ಹಾಡೊಂದನ್ನು ನುಡಿಸಿದ್ದಕ್ಕೆ.

2012ರಲ್ಲಿ ವಿಭಾಗವಾದ ಮನೆಯನ್ನು ಮತ್ತೆ ಒಂದು ಮಾಡಿದರು. ಆ ವರ್ಷದ ಹಾರ್ಡ್ ರಾಕ್-ಮೆಟಲ್ ಪ್ರಶಸ್ತಿ ಫೂ ಫೈಟರ್ಸ್ ಎಂಬ ರಾಕ್ ತಂಡಕ್ಕೆ. 2014ರಲ್ಲಿ ಮತ್ತೆ ಗೋಡೆ ಎಬ್ಬಿಸಿದರು. ಹೀಗೆ ಶುದ್ಧವಾದ ಮೆಟಲ್ ಮನೆಯಲ್ಲಿ ಮರುವರ್ಷ ಪ್ರಶಸ್ತಿ ಎತ್ತಿಕೊಂಡು ಹೋದವರು ಟೆನೇಷಸ್ ಡಿ, ಅಂದರೆ ನಟ ಜ್ಯಾಕ್ ಬ್ಲ್ಯಾಕ್ ಇರುವ ಹಾಸ್ಯ ಜೋಡಿ. ಹಾಸ್ಯದ ವಿಷಯದಲ್ಲಿ ಮಾತ್ರ ಅಂದಿನ ತೀರ್ಪುಗಾರರ ಅಭಿರುಚಿಯನ್ನು ದೂರುವಂತಿಲ್ಲ.

ಮೆಟಲ್‌ಗೂ ರಾಕ್‌ಗೂ ನಡುವಿನ ಗೆರೆಯ ಗೋಜಿಗೇ ಹೋಗದ ಸಂಸ್ಥೆಯೂ ಒಂದಿತ್ತು. 1985ರಲ್ಲಿ ವಾಷಿಂಗ್ಟನ್ನಿನ ರಾಜಕಾರಣಿಗಳ ಪತ್ನಿಯರು ಸೇರಿ ಮಕ್ಕಳನ್ನು ಕೆಡಿಸುವ 15 ಹಾಡುಗಳ ಪಟ್ಟಿ ಮಾಡಿದರು. ಸೆನೆಟ್ ಸಮಿತಿಯ ಮುಂದೆ ವಿಚಾರಣೆಯೂ ನಡೆಯಿತು. ಪಟ್ಟಿಯಲ್ಲಿ ಮೆಟಲ್‌ನ ವೆನಮ್, ಜೂಡಸ್ ಪ್ರೀಸ್ಟ್, ರಾಕ್‌ನ ಎಸಿ/ಡಿಸಿ, ಪಾಪ್‌ನ ಪ್ರಿನ್ಸ್, ಮಡೋನಾ, ಸಿಂಡಿ ಲಾಪರ್ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತಿದ್ದರು. ಸಂಗೀತ ಚರಿತ್ರೆಯಲ್ಲಿ ಸಹಪಂಕ್ತಿ ಭೋಜನ ನಡೆದದ್ದು ಅದೊಂದೇ ಬಾರಿ.

ಅಭಿಮಾನಿಗಳ ಮನೆಯಲ್ಲಾದರೋ ಗೋತ್ರ ಸಾಲದೆ ಒಳಗೋತ್ರಗಳು ಬಂದಿವೆ. ಥ್ರ್ಯಾಷ್, ಡೂಮ್, ಡೆತ್, ಬ್ಲ್ಯಾಕ್, ಪವರ್, ಫೋಕ್, ಸ್ಲಡ್ಜ್, ಮೆಟಲ್‌ಕೋರ್. ಡೂಮ್‌ನವರಿಗೆ ಅವಸರವಿಲ್ಲ, ಥ್ರ್ಯಾಷ್‌ನವರಿಗೆ ತಾಳ್ಮೆಯಿಲ್ಲ. ಡೆತ್ ಮತ್ತು ಡೂಮ್ ಕೂಡಿ ಹೆತ್ತ ಮಗುವಿಗೆ ಡೆತ್-ಡೂಮ್ ಎಂದು ಹೆಸರಿಟ್ಟು, ಅದು ಯಾರ ಕಡೆ ಸೇರಬೇಕೆಂದು ಎರಡೂ ಕಡೆಯವರು ಪಂಚಾಯಿತಿ ಕೂರುತ್ತಾರೆ. 1982ರಲ್ಲಿ ವೆನಮ್ ತಂಡ ತನ್ನ ಆಲ್ಬಮಿಗೆ ಬ್ಲ್ಯಾಕ್ ಮೆಟಲ್ ಎಂದು ಹೆಸರಿಟ್ಟಿತು. ಇಡೀ ಶಾಖೆಗೆ ಹೆಸರು ಬಂದದ್ದೇ ಅಲ್ಲಿಂದ. ಈಗ ಆ ಆಲ್ಬಮ್ ನಿಜಕ್ಕೂ ಬ್ಲ್ಯಾಕ್ ಮೆಟಲ್ ಅಲ್ಲ ಎನ್ನುವ ಪಂಡಿತರಿದ್ದಾರೆ. ಇನ್ನು ಕೂದಲಿನ ಶಾಸ್ತ್ರ. 1996ರಲ್ಲಿ ಮೆಟಾಲಿಕಾದವರು ಉದ್ದ ಕೂದಲು ಕತ್ತರಿಸಿಕೊಂಡು ಹೊಸ ಆಲ್ಬಮಿನೊಡನೆ ಬಂದಾಗ ಮನೆಯಲ್ಲಿ ಸೂತಕ. ಹಾಡುಗಳ ವೇಗ ತಗ್ಗಿದ್ದಕ್ಕಿಂತ ಕೂದಲಿನ ಉದ್ದ ತಗ್ಗಿದ್ದೇ ಹಲವರ ಎದೆಗೆ ನಾಟಿತು. ಅತ್ತ ಎಂಬತ್ತರ ದಶಕದಲ್ಲಿ ತುಟಿಗೆ ಬಣ್ಣ ಹಚ್ಚಿ, ಮೊಳದೆತ್ತರ ಕೂದಲು ನಿಲ್ಲಿಸಿಕೊಂಡು ಪ್ರೇಮಗೀತೆ ಹಾಡಿದವರನ್ನು ಕೂದಲು ಸಾಕಷ್ಟಿದ್ದರೂ ಒಳಗೆ ಬಿಡಲಿಲ್ಲ. ಕೂದಲು ಎಷ್ಟಿರಬೇಕು, ಯಾವ ದಿಕ್ಕಿಗಿರಬೇಕು ಎಂಬ ಬಗ್ಗೆ ಶಾಸ್ತ್ರ ಅಷ್ಟು ಸೂಕ್ಷ್ಮವಾಗಿದೆ.

ಕ್ಲೀವ್‌ಲ್ಯಾಂಡಿನಲ್ಲಿ ರಾಕ್ ಆಂಡ್ ರೋಲ್ ಕೀರ್ತಿಮಂದಿರವೊಂದಿದೆ. ಮೆಟಲ್ ರಾಕ್‌ನ ಕುಟುಂಬಕ್ಕೆ ಸೇರಿದ್ದೇ ಅಲ್ಲವೇ ಎಂಬ ಪ್ರಶ್ನೆ ಬಂದಾಗಲೆಲ್ಲ ಅಲ್ಲಿ ಕೆಮ್ಮು ಶುರುವಾಗುತ್ತದೆ. ಬ್ಲ್ಯಾಕ್ ಸಬ್ಬತ್ ಒಳಗೆ ಹೋದದ್ದು 2006ರಲ್ಲಿ. ಚರ್ಮದ ಉಡುಪು, ಮೊನಚು ಗುಬ್ಬಿಗಳನ್ನೇ ಮೆಟಲ್‌ನ ಸಮವಸ್ತ್ರ ಮಾಡಿಕೊಟ್ಟ ಜೂಡಸ್ ಪ್ರೀಸ್ಟ್ ತಂಡವನ್ನು 2022ರಲ್ಲಿ ಕರೆದರು. ಸಾಲಿನಲ್ಲಿ ನಿಂತ ಕಲಾವಿದರ ಜೊತೆಗಲ್ಲ. "ಸಂಗೀತ ಶ್ರೇಷ್ಠತೆ" ಎಂಬ ಬೇರೆ ಪ್ರಶಸ್ತಿ ಕೊಟ್ಟು ಪಕ್ಕದ ಬಾಗಿಲಿನಿಂದ. ಅದೇ ವರ್ಷ ಮುಂಬಾಗಿಲಿನಿಂದ, ಹೂಹಾಸಿನ ಮೇಲೆ, ಒಳಗೆ ಬಂದವರು ಕಂಟ್ರಿ ಸಂಗೀತದ ಡಾಲಿ ಪಾರ್ಟನ್. ಆ ಹೆಣ್ಣುಮಗಳು ತಾನು ರಾಕ್ ಹಾಡಿದವಳಲ್ಲ, ಈ ಗೌರವಕ್ಕೆ ತಕ್ಕವಳಲ್ಲ ಎಂದು ಮೊದಲಿಗೆ ಬೇಡವೆಂದೇ ಹೇಳಿದ್ದರು. ತೀರ್ಪುಗಾರರು ಬಿಡಲಿಲ್ಲ. ತೆಗೆದುಕೊಂಡ ಗೌರವದ ಸಾಲ ಇಟ್ಟುಕೊಳ್ಳುವುದು ಆಕೆಗೆ ಒಗ್ಗಲಿಲ್ಲವೆಂದು ಕಾಣುತ್ತದೆ. 2023ರಲ್ಲಿ ಇಡೀ ಒಂದು ರಾಕ್ ಆಲ್ಬಮ್ಮನ್ನೇ ಹಾಡಿ ಹೊರತಂದರು. ಅದರ ಒಂದು ಹಾಡಿಗೆ ಜೊತೆಯಲ್ಲಿ ಹಾಡಲು ಆಕೆ ಕರೆಸಿಕೊಂಡದ್ದು ಜೂಡಸ್ ಪ್ರೀಸ್ಟ್‌ನ ಗಾಯಕ ರಾಬ್ ಹಾಲ್‌ಫೋರ್ಡ್ ಅವರನ್ನು.