ಜೊಂಡಿನ ಇನ್ಸ್‌ಪೆಕ್ಟರು

ಇಲಿನಾಯ್‌ನಲ್ಲಿರುವ ಮಗಳ ಮನೆಯ ಹಿಂದೊಂದು ಕೆರೆ. ನಮ್ಮೂರ ಲೆಕ್ಕದಲ್ಲಿ ಕಟ್ಟೆ, ಅಷ್ಟೆ. ದಡದ ತುಂಬ ಜೊಂಡು. ನಾನು ಹೋದದ್ದು ಮಾರ್ಚ್ ಕೊನೆಗೆ. ಒಣಗಿದ ಜೊಂಡಿನ ತುದಿಯಲ್ಲಿ ಕಪ್ಪು ಹಕ್ಕಿಯೊಂದು ಕೂತಿತ್ತು. ಕಾಜಾಣ ಎನ್ನೋಣವೆಂದರೆ ಬಾಲ ಕವಲೊಡೆದಿಲ್ಲ. ಅಷ್ಟರಲ್ಲಿ ಅದು ಮುಂದಕ್ಕೆ ಬಾಗಿ, ರೆಕ್ಕೆ ಉಬ್ಬಿಸಿ 'ಕಾಂಕ್-ಲ-ರೀ' ಎಂದು ಕೂಗಿತು. ಎರಡೂ ಹೆಗಲ ಮೇಲೆ ಹಳದಿ ಅಂಚಿನ ಕೆಂಪು ಪಟ್ಟಿ!

"ರೆಡ್-ವಿಂಗ್ಡ್ ಬ್ಲ್ಯಾಕ್‌ಬರ್ಡ್ ಅಜ್ಜಿ, ಇಲ್ಲಿ ಎಲ್ಲಾ ಕಡೆ ಇರತ್ತೆ" ಅಂದ ಮೊಮ್ಮಗ. ನಾನು ಇನ್ಸ್‌ಪೆಕ್ಟರ್ ಅಂತ ಕರೆದೆ.

ಹೆಸರು ತಪ್ಪಲ್ಲ. ಸಂಶೋಧಕರು ಕೆಲವು ಗಂಡುಗಳ ಕೆಂಪಿಗೆ ಕಪ್ಪು ಬಳಿದು ನೋಡಿದಾಗ ಹಲವು ತಮ್ಮ ಜಾಗವನ್ನೇ ಕಳೆದುಕೊಂಡವಂತೆ. ಪಟ್ಟಿ ಹೋದರೆ ಠಾಣೆಯೂ ಹೋಯಿತು! ಇದೇ ಗಂಡು ಪಕ್ಕದವನ ಸರಹದ್ದಿಗೆ ನುಸುಳುವಾಗ ಮಾತ್ರ ಕೆಂಪನ್ನು ಕಪ್ಪು ಗರಿಗಳಡಿ ಮುಚ್ಚಿಕೊಂಡು ಮಫ್ತಿಯಲ್ಲಿ ಹೋಗುತ್ತದೆ.

ಮೇ ತಿಂಗಳಿಗೆ ಜೊಂಡು ಹಸುರಾಯಿತು. ಅದರೊಳಗೆ ಕಂದು ಗೆರೆಗಳ, ಬಿಳಿಹುಬ್ಬಿನ ಹಕ್ಕಿಯೊಂದು ಓಡಾಡತೊಡಗಿತು. ಯಾವುದೋ ಗುಬ್ಬಿ ಎಂದುಕೊಂಡೆ. ಕೊಕ್ಕು ಗುಬ್ಬಿಯದಕ್ಕಿಂತ ಚೂಪು ಎಂಬುದನ್ನು ಗಮನಿಸಲೇ ಇಲ್ಲ. ಹಸಿ ಎಲೆಗಳನ್ನು ಜೊಂಡಿನ ಕಾಂಡಗಳಿಗೆ ಸುತ್ತಿ, ಕೆಸರು ಮೆತ್ತಿ, ಒಳಗೆ ನವುರು ಹುಲ್ಲು ಹಾಸಿ ಗೂಡು ಮಾಡಿತು. ನಮ್ಮಲ್ಲಿ ಗೀಜಗದ ಗಂಡು ನೇಯುತ್ತದೆ, ಹೆಣ್ಣು ಬಂದು ಪರೀಕ್ಷೆ ಮಾಡುತ್ತದೆ. ಇಲ್ಲಿ ದುಡಿಮೆಯೆಲ್ಲ ಇವಳದೇ.

ಜೂನ್‌ನಲ್ಲಿ ಒಂದು ಬೆಳಿಗ್ಗೆ ಆ 'ಗುಬ್ಬಿ' ಕೊಕ್ಕಿನಲ್ಲಿ ಹುಳು ಹಿಡಿದು ಜೊಂಡಿಗಿಳಿದದ್ದನ್ನು ನೋಡುತ್ತ ನಿಂತೆ. ಹಿಂದಿನಿಂದ ತಲೆಗೆ ಠಪ್ಪೆಂದು ಏಟು ಬಿತ್ತು. ಇನ್ಸ್‌ಪೆಕ್ಟರು! ಗುಬ್ಬಿಯ ಗೂಡಿಗೆ ಇವನದೇಕೆ ಕಾವಲು?

"ಅಜ್ಜಿ, ಅವಳೂ ರೆಡ್-ವಿಂಗ್ಡ್ ಬ್ಲ್ಯಾಕ್‌ಬರ್ಡೇ" ಮೊಮ್ಮಗ ನಕ್ಕ. ಒಬ್ಬನ ಸರಹದ್ದಿನಲ್ಲಿ ಹದಿನೈದು ಹೆಣ್ಣುಗಳವರೆಗೂ ಗೂಡು ಕಟ್ಟುವುದುಂಟಂತೆ. ಆದರೂ ಡಿಎನ್‌ಎ ಪರೀಕ್ಷೆ ಮಾಡಿದರೆ ಎಷ್ಟೋ ಮರಿಗಳಿಗೆ ಅಪ್ಪ ಬೇರೆಯವನಂತೆ. ಬಹುಶಃ ಆ ಮಫ್ತಿಯವನೇ.

"ಅಲ್ಲವೋ, ಇವಳ ಮೈಯಲ್ಲಿ ಅಂಥಾ ಕೆಂಪೂ ಇಲ್ಲ, ಕಪ್ಪೂ ಇಲ್ಲ. ಆ ಹೆಸರು ಯಾಕೆ?"

"ಗಂಡು ನೋಡಿ ಇಟ್ಟಿದ್ದು ಅಜ್ಜಿ."

"ನಮ್ಮ ಲಗ್ನಪತ್ರಿಕೆ ಥರ ಅನ್ನು" ಎಂದೆ, ತಲೆ ಸವರಿಕೊಳ್ಳುತ್ತ. ಮರುದಿನದಿಂದ ಛತ್ರಿ ಹಿಡಿದು ಹೋದೆ.