420 ಕುದುರೆ, ನಾಲ್ಕು ಮೂಟೆ ಅಕ್ಕಿ

ಮಿಷಿಗನ್ ಹಿಮದಲ್ಲಿ ಹಿಂದಿನ ಚಕ್ರದಿಂದ ಓಡುವ ಕಾರು ಬೇಡ ಅಂತ ಎಲ್ಲರೂ ಹೇಳಿದ್ದರು. ನಲವತ್ತೈದು ದಾಟಿದ ಮೇಲೆ ಯಾರ ಮಾತು ಯಾರು ಕೇಳುತ್ತಾರೆ? 2013ರ ಸೆಕೆಂಡ್ ಹ್ಯಾಂಡ್ ಮಸ್ಟ್ಯಾಂಗ್ ಜಿಟಿ ಮನೆಗೆ ಬಂತು. 5 ಲೀಟರ್ ವಿ8 ಎಂಜಿನ್, 420 ಹಾರ್ಸ್‌ಪವರ್. ಮಂಡ್ಯದಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಕೊಚ್ಚಿಕೊಂಡೆ. "ಫೋರ್ ಟ್ವೆಂಟಿನಾ? ಬೇರೆ ನಂಬರ್ ಸಿಗಲಿಲ್ವೇನೋ?" ಅಂದರು.

ಡಿಸೆಂಬರ್‌ನಲ್ಲಿ ಮೊದಲ ಹಿಮ ಬಿತ್ತು. ನಮ್ಮ ಮನೆಯ ಡ್ರೈವ್‌ವೇ ಸ್ವಲ್ಪ ಏರು. ಆಕ್ಸಿಲರೇಟರ್ ಒತ್ತಿದೆ. ಹಿಂದಿನ ಚಕ್ರ ಗಿರ್ರನೆ ತಿರುಗಿತು, ಕಾರು ನಿಂತಲ್ಲೇ ನಿಂತಿತ್ತು. ಇನ್ನೂ ಒತ್ತಿದೆ. ಕಾರಿನ ಹಿಂಭಾಗ ಮಾತ್ರ ನಿಧಾನಕ್ಕೆ ಪಕ್ಕದ ಮನೆಯ ಅಂಚೆ ಡಬ್ಬಿಯನ್ನು ಮಾತಾಡಿಸಲು ಹೊರಟಿತು. ಅದೇ ಹೊತ್ತಿಗೆ ಆ ಮನೆಯ ಅಜ್ಜಿ ತಮ್ಮ ಹಳೇ ಪುಟ್ಟ ಕಾರಿನಲ್ಲಿ ನನಗೆ ಕೈ ಬೀಸುತ್ತಾ ಏರು ಹತ್ತಿ ಹೋದರು.

ಆಫೀಸಿನ ಗೆಳೆಯ ಉಪಾಯ ಹೇಳಿದ. ಎಂಜಿನ್ ಮುಂದಿದೆ, ಭಾರವೂ ಮುಂದೆ ಜಾಸ್ತಿ. ತಳ್ಳಬೇಕಾದ್ದು ಹಿಂದಿನ ಚಕ್ರ. ಡಿಕ್ಕಿಯಲ್ಲಿ ಮರಳಿನ ಚೀಲ ಇಡು, ಚಕ್ರಕ್ಕೆ ಟ್ರ್ಯಾಕ್ಷನ್, ಅಂದರೆ ನೆಲದ ಹಿಡಿತ, ಸಿಗುತ್ತೆ. ಮರಳಿಗೂ ದುಡ್ಡು ಕೊಡೋದಾ? ಮನೆಯಲ್ಲಿ 20 ಪೌಂಡಿನ ಸೋನಾ ಮಸೂರಿ ಮೂಟೆ ನಾಲ್ಕಿದ್ದವು. ಒಟ್ಟು 36 ಕೆಜಿ.

"ರೀ, ಅಕ್ಕಿ ಎಲ್ಲಿ?"

"ಟ್ರ್ಯಾಕ್ಷನ್‌ಗೆ ಹೋಗಿದೆ."

ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಮೂಟೆಗಳನ್ನು ಡಿಕ್ಕಿಯ ತುದಿಗೆ ಪೇರಿಸಿದ್ದೆ. "ಅಯ್ಯೋ ಪೆದ್ದ, ಭಾರ ಹಿಂದಕ್ಕೆ ಹೋದ್ರೆ ನೊಗ ಮೇಲೇಳುತ್ತೆ ಕಣೋ. ಅಚ್ಚಿನ ಹತ್ರಕ್ಕೆ ಎಳಿ." ಸರಿಯೇ. ಹಿಂದಿನ ಅಚ್ಚಿನಿಂದ ಆಚೆ ಹೋದ ಭಾರ ಮುಂದಿನ ಚಕ್ರವನ್ನು ಹಗುರ ಮಾಡುತ್ತೆ. ಆಮೇಲೆ ಸ್ಟೀರಿಂಗ್ ಮಾತು ಕೇಳಲ್ಲ. ಎತ್ತಿನ ಗಾಡಿ ಹೊಡೆದವರಿಗೆ ಇದು ಗೊತ್ತು, ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಮೂಟೆಗಳನ್ನು ಮುಂದಕ್ಕೆ ಎಳೆದೆ. ಏನೋ ಪರ್ ಅಂದ ಹಾಗಾಯ್ತು. ಗಮನ ಕೊಡಲಿಲ್ಲ.

ಜಾರಾಟ ನಿಲ್ಲಲಿಲ್ಲ. ಟೈರ್ ಅಂಗಡಿಯವನು ಟೈರಿಗೆ ಉಗುರು ಒತ್ತಿ ನೋಡಿ ನಕ್ಕ. ಅದು ಬೇಸಿಗೆ ಟೈರಂತೆ. 7 ಡಿಗ್ರಿ ಸೆಲ್ಸಿಯಸ್‌ಗಿಂತ ಚಳಿಯಾದರೆ ರಬ್ಬರ್ ಬಿರುಸಾಗುತ್ತೆ, ಮೇಲೆ ಏನು ಹೇರಿದರೂ ಅಷ್ಟೆ. "ಹಿಂದಕ್ಕೆ ಎರಡು ಚಳಿಗಾಲದ್ದು ಹಾಕಿದರೆ ಸಾಕಲ್ವಾ?" ಅಂತ ಚೌಕಾಸಿಗೆ ಇಳಿದೆ. ಹಿಂದಿನದು ಹಿಡಿದು ಮುಂದಿನದು ಜಾರಿದರೆ ತಿರುವಿನಲ್ಲಿ ನೆಟ್ಟಗೆ ಮರಕ್ಕೇ ಹೋಗುತ್ತೀಯ ಅಂದ. ನಾಲ್ಕೂ ಹಾಕಿಸಿದೆ. ಕಾರು ಸದ್ದಿಲ್ಲದೆ ಏರು ಹತ್ತಿತು.

ಸದ್ದಿಲ್ಲದೆ ಅಂದರೆ ತಪ್ಪು. ಎಡಕ್ಕೆ ತಿರುಗಿಸಿದರೆ ಹಿಂದೆ ಸರ್ರ್ ಅನ್ನುತ್ತಿತ್ತು. ಅಷ್ಟರಲ್ಲಿ ನಾನೂ ಪಂಡಿತನಾಗಿದ್ದೆ. ಹಿಂದಿನ ಅಚ್ಚು ಅತ್ತಿತ್ತ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್‌ನ ಬುಶ್ ಹೋಗಿದೆ ಅಂತ ಮೆಕ್ಯಾನಿಕ್‌ಗೆ ನಾನೇ ಹೇಳಿದೆ. ಅವನು ಕಾರು ಮೇಲೆತ್ತಿ ಒಂದು ಗಂಟೆ ಹುಡುಕಿದ. ಕೊನೆಗೆ ಸ್ಟೆಪ್ನಿ ಗುಂಡಿಗೆ ಕೈ ಹಾಕಿ, ಕಾಫಿ ಲೋಟದ ತುಂಬ ಸೋನಾ ಮಸೂರಿ ತಂದು ನನ್ನ ಕೈಗಿಟ್ಟ. ಒಂದು ಗಂಟೆಯ ಕೂಲಿಯ ಬಿಲ್ ಜೊತೆಗಿತ್ತು.

ಮನೆಗೆ ಬಂದು ಲೋಟ ಟೇಬಲ್ ಮೇಲಿಟ್ಟೆ. ಅವಳು ಮೂಸಿ ನೋಡಿದಳು.

"ಚೆಲ್ಲಬೇಡಿ ರೀ. ಗ್ರೀಸ್ ವಾಸನೆ ಏನಿಲ್ಲ. ದೋಸೆಗಾಗುತ್ತೆ."